ಅಪ್ಪನೂ ನಾನೂ ಹುಟ್ಟಿದ ಕೋಣೆ

ಕಲೆಕ್ಟರ ಕಚೇರಿಯ ಕಾರಕೂನರು ನನ್ನ ಬಿ.ಎ. ಪದವಿಯ ಸುರುಳಿಯನ್ನು ಬಿಚ್ಚಿ ಕೂಡ ನೋಡಲಿಲ್ಲ. ಅರ್ಜಿಯ ಮೇಲೆ ಒಂದು ಕಡೆ ಬೆರಳಿಟ್ಟರು.

"ಹುಟ್ಟಿದ್ದು ಸವಣೂರಾಗ ಅಂತ ಬರದೀರಿ. ಸವಣೂರು ಅಂದ್ರ ನವಾಬರ ಸಂಸ್ಥಾನ. ನೀವು ಬ್ರಿಟಿಷ್ ಪ್ರಜಾ ಅಲ್ಲ. ಪಾಸ್‌ಪೋರ್ಟ್ ಹ್ಯಾಂಗ ಕೊಡಾಕ ಬರ್ತದ?"

ಎರಡನೆಯ ಮಹಾಯುದ್ಧಕ್ಕಿಂತ ಎರಡು ಮೂರು ವರ್ಷ ಹಿಂದಿನ ಮಾತು. ಆಫ್ರಿಕಾದ ಮೊಂಬಾಸಾದಲ್ಲಿ ನಮ್ಮ ದೇಶದವರ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ಜೂನ್ ತಿಂಗಳೊಳಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಬರೆದಿದ್ದರು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ ನಾನು. ಎಮ್ಮೆ ಮೇಯಿಸುತ್ತಲೇ ಓದಿದವನು. ಹಡಗು ಹತ್ತುವವನೂ ನಾನೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ನಮ್ಮೂರು ಶಿಗ್ಗಾಂವಿ ಕಡೆಯ ಹುಲಗೂರು. ಹೊಲ, ಮನೆ, ಹಿರಿಯರ ಗೋರಿ ಎಲ್ಲವೂ ಬ್ರಿಟಿಷರ ಹದ್ದಿನಲ್ಲಿ. ಮುಂಜಾನೆ ಬಂಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಸವಣೂರಿನಲ್ಲಿ ಅಜ್ಜಿಯ ಮನೆ. ಅದು ಬೇರೆ ದೇಶವೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನನ್ನ ಮುಖ ನೋಡಿ ಕಾರಕೂನರಿಗೆ ಕನಿಕರ ಬಂತು. "ಹೆದರಬ್ಯಾಡ್ರಿ. ನಿಮ್ಮಪ್ಪ ನಮ್ಮ ಹದ್ದಿನಾಗ ಹುಟ್ಟಿದ್ರೂ ನಡೀತದ."

ನಾನು ಉಸಿರು ಬಿಟ್ಟೆ. ಪಕ್ಕದಲ್ಲಿ ರುಮಾಲು ಸುತ್ತಿಕೊಂಡು ಕುಳಿತಿದ್ದ ಅಪ್ಪ ಎದ್ದುನಿಂತ.

"ನಾನೂ ಅಲ್ಲೇರಿ. ಅದ ಮನಿ, ಅದ ಖೋಲಿ."

ಕಾರಕೂನರು ಲೇಖನಿ ಕೆಳಗಿಟ್ಟರು. "ಅಪ್ಪ ಮಗ ಇಬ್ರೂ ಒಂದ ಖೋಲ್ಯಾಗ ಹ್ಯಾಂಗ ಹುಟ್ಟಿದ್ರಿ?"

"ನಮ್ಮವ್ವ ಆ ಮನಿ ಮಗಳರೀ. ನನ್ನ ಹೇಣ್ತಿ ನಮ್ಮ ಸ್ವಾದರಮಾವನ ಮಗಳು. ಚೊಚ್ಚಲ ಹೆರಿಗಿ ತವರಾಗ ಆಗಬೇಕಲ್ರೀ ಮತ್ತ? ಹಾದ್ಯಾಗ ಹಡೀಬೇಕಿತ್ತೇನ್ರಿ?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಮುಂದೇನು ಮಾಡಬೇಕೆಂದು ನಾನು ಕೇಳಿದೆ. ಸಂಸ್ಥಾನದವರಿಂದ ಕಾಗದ ತಂದರೆ ಅವರ ಪ್ರಜೆಯಾಗಿ ಹೋಗಬಹುದು ಎಂದರು ಕಾರಕೂನರು.

ಮರುದಿನವೇ ಸವಣೂರಿಗೆ ಹೋದೆ. ನವಾಬರ ಕಚೇರಿಯ ಮುದುಕ ಮುನಶಿಯವರು ಮರ್ಯಾದೆಯಿಂದ ಕೂಡಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ಸಾವಕಾಶವಾಗಿ ದಫ್ತರ ತಿರುವಿದರು.

"ನಿಮ್ಮ ಹೊಲ ಇಲ್ಲಿಲ್ಲ, ಮನಿ ಇಲ್ಲಿಲ್ಲ. ನಮ್ಮೂರ ಮೊಮ್ಮಗ ಹೌದು ನೀವು. ಪ್ರಜಾ ಅಂತ ಹ್ಯಾಂಗ ಬರದುಕೊಡ್ಲಿ? ಎಲಿ ತಗೋರಿ, ಎಳೀವು ಅದಾವ."

ಎಲೆ ಬಾಯಲ್ಲಿಟ್ಟುಕೊಂಡೆ. ಅಗಿಯಲಾಗಲಿಲ್ಲ. ಅಲ್ಲಿಯೂ ಅಲ್ಲ, ಇಲ್ಲಿಯೂ ಅಲ್ಲವೆಂದರೆ, ಇಪ್ಪತ್ತನಾಲ್ಕು ವರ್ಷ ನಾನು ಯಾವ ನೆಲದ ಮೇಲೆ ನಡೆದಿದ್ದೆ?

ಅರ್ಜಿಗಳು ಓಡಾಡುತ್ತಿದ್ದಂತೆಯೇ ಜೂನ್ ಕಳೆಯಿತು. ಮೊಂಬಾಸಾದ ಜಾಗಕ್ಕೆ ಬೇರೆಯವರು ಬಂದರೆಂದು ಪತ್ರ ಬಂತು. ಅದನ್ನು ಓದಿ ತಲೆಯೆತ್ತಿದರೆ ಅಂಗಳದಲ್ಲಿ ಬಂಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕುತ್ತಿದ್ದರು. ನನ್ನ ಹೆಂಡತಿಗೆ ಏಳು ತಿಂಗಳು. ಅವಳೂ ಸವಣೂರಿನ ಸೋದರಮಾವನ ಮಗಳೇ!

"ಬಂಡಿ ಬಿಚ್ಚ್ರಿ. ಕೂಸು ಇಲ್ಲೇ ಹುಟ್ಟಬೇಕು" ಎಂದು ಚೀರಿದೆ.

ಅವ್ವ ಕೌದಿ ಕೈಲಿ ಹಿಡಿದೇ ಬಂದಳು. "ಬಿ.ಎ. ಓದಿ ತಲಿ ಕೆಟ್ಟೈತೇನೋ? ಸೊಸಿಗೆ ತವರು ತಪ್ಪಿಸಿದ್ರು ಅಂತ ಮಂದಿ ನನ್ನ ಮಾರಿಗೆ ಉಗುಳಬೇಕೇನು?"

ಪಾಸ್‌ಪೋರ್ಟಿನ ಸಂಗತಿಯನ್ನು ತಿಳಿಸಿ ಹೇಳಿದೆ. ಹೆಂಡತಿ ಎಲ್ಲ ಕೇಳಿ, ಸೆರಗು ಸೊಂಟಕ್ಕೆ ಸಿಗಿಸಿದಳು.

"ಹಡಿಯೋಕಿ ನಾನೋ, ನಿಮ್ಮ ಕಾರಕೂನನೋ?" ಎಂದು ಬಂಡಿ ಹತ್ತಿದಳು.

ಗಂಡು ಹುಟ್ಟಿತು, ಅದೇ ಕೋಣೆಯಲ್ಲಿ. ತೊಟ್ಟಿಲಿಗೆ ಹಾಕುವ ದಿನ ಅಪ್ಪ ಬಂದವರಿಗೆಲ್ಲ ಮೊಮ್ಮಗನನ್ನು ಎತ್ತಿ ತೋರಿಸಿ, "ಇವನೂ ಪರದೇಶದಾಂವ ನೋಡ್ರಿ!" ಎನ್ನುತ್ತಿದ್ದ. ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಎದ್ದು ಹಿತ್ತಲಿಗೆ ಹೋದೆ.