ಸೋರುವ ಮಾಡು, ನಾಲ್ಕು ಬಂಗುಡೆ

ಇವತ್ತು ಬಡಗಿ ನಮ್ಮ ಹಂಚಿನ ಮಾಡಿನಿಂದ ಕಿತ್ತ ಹಳೇ ಮರದ ಪಕಾಸಿಗೆ ಇನ್ನೂ ಒಣಮೀನಿನ ವಾಸನೆ.

ಅಮ್ಮ ಮೀನು ಮಾರುವವಳು. ಬುಟ್ಟಿ ತಲೆಗೇರುವ ಮೊದಲೇ ನಾಲ್ಕು ದಪ್ಪ ಬಂಗುಡೆ ಆರಿಸಿ ಆಚೆಮನೆಯ ಗಿರಿಜಜ್ಜಿಯ ತಟ್ಟೆಗೆ ಹಾಕುತ್ತಿದ್ದಳು. ಉಳಿದದ್ದೇ ತೆಕ್ಕಟ್ಟೆ ಪೇಟೆಗೆ.

"ಮಾಡ್ ಸೋರ್ತಾ ಇತ್ತ್, ಸಾಲ ಹಾಂಗೇ ಇತ್ತ್. ನಿಂಗೆ ದಾನ ಬೇರೆ!" ಒಂದು ದಿನ ಅಪ್ಪಯ್ಯ ರೇಗಿದರು.

"ದಾನ ಎಂತದ್ದ್? ನನ್ ಬಾಣಂತನದಗೆ ಗಂಜಿ ಬೇಯ್ಸಿ ಹಾಕಿದ್ದ್ ಅವ್ರೇ. ಮಾಡ್ ಸೋರ್ರೆ ಕೆಳಗೆ ಪಾತ್ರ ಇಡ್ಲಕ್. ಅವ್ರ ಹಸಿವಿಗೆ ಎಂತ ಇಡುದ್?" ಅಮ್ಮ ಬುಟ್ಟಿ ಎತ್ತಿ ನಡೆದೇಬಿಟ್ಟಳು.

ಗಿರಿಜಜ್ಜಿ ಈಗಿಲ್ಲ; ಅವರ ಕಣ್ಣು ಕಾಣದ ಮಗಳು ಆಚೆಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳ ಅಕ್ಕಿ, ಔಷಧಿಯ ಹೊಣೆ ನನ್ನದು. ಬಡಗಿ ಇಡೀ ಮಾಡಿನ ಖರ್ಚು ಹೇಳಿದ. ಸಾಲ ಎತ್ತಿದರೂ ಎರಡೂ ಸಾಗದು.

"ಅಡುಗೆಕೋಣಿ ಬದಿ ಮಾತ್ರ ರಿಪೇರಿ ಮಾಡಿ ಆಚಾರ್ರೇ," ಅಂದೆ. "ಚಾವಡಿಗೆ ಪಾತ್ರ ಇಡ್ಲಕ್."