ಮೂಗಿನ ಪಕ್ಕದ ಗುಳ್ಳೆ

ನನ್ನ ಅಕ್ಕನ ಮಗಳು ಸ್ನಾತಕೋತ್ತರ ಪದವಿಗೆ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಕ್ಕ "ಫೋಟೋಗ್ರಫಿ" ಎಂದು ಅರ್ಧ ಹೇಳಿ ಮಾತು ತಿರುಗಿಸುತ್ತಿದ್ದಳು. ಭಾವ ಮಾತ್ರ, ಅದೊಂದು ವಿಶೇಷ ತಾಂತ್ರಿಕ ವಿಷಯ, ನಿಮಗೆ ಹೇಳಿದರೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ಹೇಳಲು ಅವರಿಗೂ ತಿಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಸಿಕೊಳ್ಳುತ್ತಿದ್ದವನು ನಾನು. ಸಿನಿಮಾ ನಾಟಕದವರಿಗೆ ಸುಳ್ಳು ಗಾಯ, ಸುಳ್ಳು ಬೊಕ್ಕತಲೆ, ಸುಳ್ಳು ಮುಪ್ಪು ಮಾಡಿ ಮುಖಕ್ಕೆ ಅಂಟಿಸುವುದು, ಆಮೇಲೆ ನೋಡಿದವರು ನಿಜವೆಂದು ನಂಬುವ ಹಾಗೆ ಫೋಟೋ ತೆಗೆಯುವುದು. ಓಹೋ, ಬ್ಯೂಟಿ ಪಾರ್ಲರಾ ಎಂದು ಕೇಳುತ್ತಿದ್ದರು. ಅಲ್ಲಿಗೆ ಹೋದರೆ ವಯಸ್ಸು ಇಳಿಸುತ್ತಾರೆ, ಇವಳು ಏರಿಸುತ್ತಾಳೆ ಎನ್ನುತ್ತಿದ್ದೆ.

ಹುಡುಗಿಗೆ ನಾವಿಟ್ಟ ಹೆಸರು ಅಂಟಮ್ಮ. ಹಾಲುಹಲ್ಲಿನ ಕಾಲದಿಂದ ಬೆರಳಿಗೆ ಗೋಂದು ಮೆತ್ತಿಕೊಂಡೇ ಬೆಳೆದವಳು. ಒಮ್ಮೆ ಗೋಂದು, ತೆಳು ಕಾಗದ ಮತ್ತು ಕೆಂಪು ಬಣ್ಣದಿಂದ ಮೊಣಕೈ ಮೇಲೆ ಸುಟ್ಟಗಾಯ ಮಾಡಿಕೊಂಡು ಬಂದು ನನ್ನ ಮುಂದೆ ಮುಲುಗಿದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಗಾಯವನ್ನು ಚಿಮಟದಲ್ಲಿ ಸುಲಿದು ನನ್ನ ಕೈಗೇ ಕೊಟ್ಟರು. ಅವತ್ತೇ ಇವಳ ದಾರಿ ತೀರ್ಮಾನವಾಗಿತ್ತು, ನನ್ನ ಮರ್ಯಾದೆಯೂ.

ಭಾವ ತೂಕ-ಅಳತೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಜೀವನವಿಡೀ ಅಂಗಡಿಯವರ ತಕ್ಕಡಿ ಪರೀಕ್ಷಿಸಿದರು; ನಿವೃತ್ತರಾದ ಮೇಲೆ ತಕ್ಕಡಿ ಸಿಗದೆ ಮನುಷ್ಯರನ್ನೇ ತೂಗತೊಡಗಿದರು. ಎಲ್ಲರೂ ಒಂದಿಷ್ಟು ಕಡಿಮೆ ಬರುತ್ತಿದ್ದರು, ಅವರೊಬ್ಬರನ್ನು ಬಿಟ್ಟು. ಮದುವೆಮನೆಗೆ ಹೋದರೆ ಕ್ಯಾಮೆರಾದವನು ಎಲ್ಲಿ ನಿಂತಿದ್ದಾನೆಂದು ಮೊದಲು ನೋಡಿ, ಆಮೇಲೆ ವಧೂವರರು ಎಲ್ಲಿ ಎಂದು ವಿಚಾರಿಸುವ ಆಸಾಮಿ. ಆದರೂ ಮಗಳೆಂದರೆ ಜೀವ. ಸಂಬಂಧಿಕರೆಲ್ಲ ಮೂಗು ಮುರಿದರೂ ಈ ಓದಿಗೆ ಕಳಿಸಿದವರು ಅವರೇ.

ಕೊನೆಯ ವರ್ಷದ ಪರೀಕ್ಷೆಗೆ ಒಂದು ದೊಡ್ಡ ಕೆಲಸ ಮಾಡಬೇಕಿತ್ತು. ಬದುಕಿರುವ ಒಬ್ಬರ ಮುಖದ ಅಚ್ಚು ತೆಗೆದು, ಅವರನ್ನು ಮುದುಕರನ್ನಾಗಿಸಿ, ಫೋಟೋ ತೆಗೆದು ಪರೀಕ್ಷಕರ ಮುಂದಿಡಬೇಕು. ಅದಕ್ಕೂ ಮೊದಲು ಆ ಕೆಲಸ ಹೊರಗೆಲ್ಲೂ ಪ್ರದರ್ಶನವಾಗಿರಬಾರದು. ಅಂಟಮ್ಮ ಅಪ್ಪನನ್ನೇ ಆರಿಸಿಕೊಂಡಳು. ಅಪ್ಪ ತೊಂಬತ್ತರಲ್ಲಿ ಹೇಗಿರುತ್ತಾರೋ ಈಗಲೇ ನೋಡಬೇಕು ಮಾವ, ಆಮೇಲೆ ಗಾಬರಿಯಾಗಬಾರದು ಎಂದಳು.

ಅಚ್ಚು ತೆಗೆಯುವ ದಿನ ನಾನೂ ಹೋಗಿದ್ದೆ. ಹಲ್ಲಿನ ಡಾಕ್ಟರು ಬಾಯಿಗೆ ತುರುಕುವಂಥ ನೀಲಿ ಪೇಸ್ಟನ್ನು ಮುಖದ ತುಂಬ ಸುರಿಯುತ್ತಾರೆ. ಕಣ್ಣಿಲ್ಲ, ಬಾಯಿಲ್ಲ, ಕಿವಿಯೂ ಅಷ್ಟಕ್ಕಷ್ಟೆ. ಮೂಗಿನ ಎರಡು ಹೊಳ್ಳೆ ಮಾತ್ರ ಬಿಡುವುದು. ಹಾಗಾಗಿ ಕೂತವರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡಿರಬೇಕು. ಒಂದು ಸಲ ಒತ್ತಿದರೆ ಆರಾಮ ಎಂದರ್ಥ, ಎರಡು ಸಲ ಒತ್ತಿದರೆ ತಕ್ಷಣ ಕಿತ್ತುಹಾಕಬೇಕು. ಮಗಳ ಕೈಯನ್ನು ಭಾವ ಉಸಿರಿಗೊಮ್ಮೆ ಒತ್ತುತ್ತಿದ್ದರು. ಅವರು ಮಾತಾಡದೆ ಅಷ್ಟು ಹೊತ್ತು ಕೂತದ್ದನ್ನು ನಮ್ಮ ಅಕ್ಕ ನೋಡಲಿಲ್ಲವಲ್ಲ ಎಂದು ನನಗೆ ಹಳಹಳಿ.

ಹಾಗೆ ಸಿಕ್ಕಿದ ಮುಖದ ಮೇಲೆ ಜೇಡಿಮಣ್ಣಿನಲ್ಲಿ ಸುಕ್ಕು, ಜೋಲುಗಲ್ಲ, ಕಣ್ಣಿನ ಕೆಳಗಿನ ಚೀಲ ಎಲ್ಲ ತಿದ್ದಿ, ಅದರ ಇನ್ನೊಂದು ಅಚ್ಚು ತೆಗೆದು, ಅದಕ್ಕೆ ಸಿಲಿಕೋನ್ ಹೊಯ್ದರೆ ಮುದುಕನ ಚರ್ಮ ಸಿದ್ಧ. ಈ ಎರಡನೆಯ ಅಚ್ಚಿನಲ್ಲಿ ಎಡಮೂಗಿನ ಪಕ್ಕ ಒಂದು ಗಾಳಿಗುಳ್ಳೆ ಉಳಿದುಬಿಟ್ಟಿತ್ತು. ಮುಚ್ಚುವುದು ಮರೆತಳು. ಹೊಯ್ದ ಪ್ರತಿ ಚರ್ಮಕ್ಕೂ ಅಲ್ಲೊಂದು ಗುಳ್ಳೆ. ಅಳುವ ಬದಲು ಅದಕ್ಕೆ ಕಂದು ಬಣ್ಣ ಹಚ್ಚಿ, ಒಂದೇ ಒಂದು ಬಿಳಿ ಕೂದಲು ನೆಟ್ಟಳು. ಅದರಿಂದಲೇ ಮುಖಕ್ಕೆ ಜೀವ ಬಂತು. ಭಾವನಿಗೆ ಸಿಟ್ಟು, ನಮ್ಮ ವಂಶದಲ್ಲಿ ಯಾರಿಗೂ ನರುಳ್ಳೆ ಇಲ್ಲ ಎಂದರು.

ಫೋಟೋ ತೆಗೆಯುವ ದಿನಕ್ಕೆ ಸ್ವಲ್ಪ ಮುಂಚೆ ನೋಡಿದರೆ ಕಾಲೇಜಿನಲ್ಲಿ ಅವಳ ಕಪಾಟು ಖಾಲಿ. ಅಚ್ಚೂ ಇಲ್ಲ, ಚರ್ಮವೂ ಇಲ್ಲ. ಅಂಟಮ್ಮನ ಗುರುಗಳು, ವಿಭಾಗದ ಮುಖ್ಯಸ್ಥರು, ಅವಳನ್ನು ಕೋಣೆಗೆ ಕರೆದು ಕೂರಿಸಿ, ಕಾಫಿ ತರಿಸಿಕೊಟ್ಟು, ಕಪಾಟು ತೊಳೆಸುವಾಗ ಅಚ್ಚು ಬಿದ್ದು ಚೂರಾಯಿತೆಂದೂ ಕೆಮಿಕಲ್ ಚೆಲ್ಲಿ ಚರ್ಮವೂ ಹಾಳಾಯಿತೆಂದೂ ಹೇಳಿದರಂತೆ. ಕಲಾವಿದೆಗೆ ನಷ್ಟವೇ ಪಾಠ ಎಂದೂ ಸೇರಿಸಿದರಂತೆ. ಮನೆಗೆ ಬಂದು ದಿಂಬಿಗೆ ಮುಖವಿಟ್ಟು ಅತ್ತಳು. ಭಾವ ಪಕ್ಕದಲ್ಲಿ ಕೂತು ತಲೆ ಸವರಿದರು. ಅಚ್ಚು ತಾನೆ, ಇನ್ನೊಂದು ಮಾಡು ಮಗಳೇ ಎಂದರು. ಅಪ್ಪ ಹಾಗೆ ತಲೆ ಸವರಿ ಎಷ್ಟು ವರ್ಷ ಆಗಿತ್ತು ಮಾವ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು.

ಇನ್ನೊಂದು ಶುರು ಮಾಡುವ ಹೊತ್ತಿಗೆ ಗುರುಗಳದೇ ಒಂದು ಛಾಯಾಚಿತ್ರ ಪ್ರದರ್ಶನ ಬಂತು. ವಿದ್ಯಾರ್ಥಿಗಳೆಲ್ಲ ಹೋಗಲೇಬೇಕು. ಜೊತೆಗೆ ನಾನೂ ಹೋದೆ. ಕಲೆಯ ಬಗ್ಗೆ ನನಗೂ ಅಭಿಪ್ರಾಯಗಳಿವೆ, ಯಾರೂ ಕೇಳದಿದ್ದರೂ. ಒಳಗೆ ಹೋಗುತ್ತಲೇ ಎದುರು ಗೋಡೆಯ ತುಂಬ ಒಬ್ಬ ಮುದುಕನ ಮುಖ. ಕಿಟಕಿಯ ಬೆಳಕು ಅರ್ಧ ಮುಖಕ್ಕೆ ಬಿದ್ದು ಒಂದೊಂದು ಸುಕ್ಕೂ ಎಣಿಸಬಹುದಾಗಿತ್ತು. ಕೆಳಗಿನ ಫಲಕದಲ್ಲಿ "ಅನಾಮಿಕ ವೃದ್ಧ" ಎಂದಿತ್ತು; ಪರಿಕಲ್ಪನೆ, ಪ್ರಸಾಧನ, ಛಾಯಾಗ್ರಹಣ ಮೂರೂ ಗುರುಗಳದೇ. ಅಂಟಮ್ಮ ಚಿತ್ರದ ತೀರಾ ಹತ್ತಿರ ಹೋದಳು.

"ಮಾವ, ಗುಳ್ಳೆ" ಎಂದಳು.

ಎಡಮೂಗಿನ ಪಕ್ಕ, ಒಂದೇ ಬಿಳಿ ಕೂದಲಿನೊಂದಿಗೆ, ಅದೇ ಗುಳ್ಳೆ. ನನ್ನ ಪಿತ್ತ ನೆತ್ತಿಗೇರಿತು. ಅಚ್ಚು ಕದ್ದು ಯಾವನೋ ನಟನಿಗೆ ಅಂಟಿಸಿದ್ದಾನಲ್ಲ ಕಳ್ಳ ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು.

"ಈ ಚರ್ಮ ಬೇರೆಯವರ ಮುಖಕ್ಕೆ ಕೂರಲ್ಲ ಮಾವ. ಅಂಚು ಎದ್ದುಬಿಡುತ್ತೆ. ಇಲ್ಲಿ ಅಂಚು ಎಲ್ಲಿದೆ ತೋರಿಸಿ."

ಅಂಚು ಎಲ್ಲೂ ಇರಲಿಲ್ಲ. ನನ್ನ ಮಂದ ತಲೆಗೆ ಅದರ ಅರ್ಥ ಇಳಿಯುವಷ್ಟರಲ್ಲಿ ಅವಳು ಚಿತ್ರದ ಇನ್ನೊಂದು ಪಕ್ಕಕ್ಕೆ ನೋಡುತ್ತಿದ್ದಳು. ಅಲ್ಲಿ ಕೋಟು ಹಾಕಿಕೊಂಡು, ಮುಖವನ್ನು ಚಿತ್ರದ ಕೋನಕ್ಕೇ ತಿರುಗಿಸಿಕೊಂಡು, ಯಾರಾದರೂ ಗುರುತಿಸಲಿ ಎಂದು ಭಾವ ನಿಂತಿದ್ದರು. ಯಾರೂ ಗುರುತಿಸಿರಲಿಲ್ಲ. ಒಬ್ಬಾಕೆ, ಸ್ವಲ್ಪ ಸರಿಯಿರಿ, ಚಿತ್ರ ಮರೆಯಾಗುತ್ತೆ ಎಂದರು.

ನಮ್ಮನ್ನು ಕಂಡದ್ದೇ ಮುಖವನ್ನು ಆ ಕೋನದಿಂದ ತಿರುಗಿಸಿದರು. ಆ ಚರ್ಮ ಹಾಕಿಕೊಂಡು ಚಿತ್ರಕ್ಕೆ ಕೂರಿ ಎಂದು ಗುರುಗಳೇ ಬಂದು ಕೇಳಿದ್ದೆಂದು ಶುರು ಮಾಡಿದರು. ನಿಮ್ಮಂಥ ಮುಖ ಅಪರೂಪ ಎಂದಿದ್ದರಂತೆ. ಹೆಸರು ಹಾಕುತ್ತೇನೆಂದೂ ಹೇಳಿದ್ದರಂತೆ. ಫಲಕ ಓದಿ ಅವರಿಗೂ ಬೇಜಾರಾಗಿದೆಯಂತೆ.

"ಅಪ್ಪ, ಅಚ್ಚು ಒಡೆದುಹೋಯ್ತು ಅಂತ ನಾನು ಅಳ್ತಿದ್ದೆನಲ್ಲ, ಆವಾಗ ನಿಮಗೆ ಗೊತ್ತಿತ್ತಾ?"

ಭಾವ ಕೋಟಿನ ಗುಂಡಿ ಹಾಕಿದರು, ತೆಗೆದರು.

"ಪ್ರದರ್ಶನ ಆಗೋವರೆಗೂ ಹೇಳಬೇಡಿ ಅಂದಿದ್ರು" ಎಂದರು.

ಗುರುಗಳ ಹತ್ತಿರ ಅವಳು ಮಾತಾಡಿದಳು. ವಿಭಾಗದ ಸಾಮಾನಿನಲ್ಲಿ ಮಾಡಿದ್ದು ವಿಭಾಗದ್ದೇ, ಅವಳದು ಬರೀ ವಿದ್ಯಾರ್ಥಿ ಕೈ ಎಂದು ಅವರು ತಿಳಿಸಿಕೊಟ್ಟರು. ಹೇಗೂ ಪ್ರದರ್ಶನವಾಗಿಬಿಟ್ಟಿದೆಯಲ್ಲ, ಪರೀಕ್ಷೆಗೆ ಇನ್ನು ಅದು ನಡೆಯುವುದಿಲ್ಲ, ಬೇರೆ ಮುಖ ಹುಡುಕಿಕೋ ಎಂದು ಬೆನ್ನು ತಟ್ಟಿದರು. ಅಂಕ ಹಾಕುವವರೂ ಅವರೇ.

ನನ್ನ ಮುಖ ತಗೋ ಎಂದು ನಾನು ಮುಂದೆ ಬಂದೆ. ಅಕ್ಕನೂ ಬಂದಳು. ಅಂಟಮ್ಮ ಬೇಡವೆಂದಳು. "ನನ್ನ ಮುಖ ಆದ್ರೆ, ನನಗೆ ಹೇಳದೆ ಎಲ್ಲಿಗೂ ಹೋಗಲ್ಲ."

ಈ ಸಲ ಅಚ್ಚು ತೆಗೆದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಅವಳ ಸಹಪಾಠಿಯೊಬ್ಬಳು ಸುರಿಯುವವಳು, ನಾನು ಪೇಸ್ಟು ಕಲಸುವವನು, ಅಕ್ಕ ಕೈ ಹಿಡಿದುಕೊಳ್ಳುವವಳು. ಭಾವ ಬಾಗಿಲಲ್ಲಿ ನಿಂತು, ಬೇಸಿನ್ ಹಿಡಿಯಬೇಕಾ, ಟವೆಲ್ ಬೇಕಾ ಎಂದು ಗಾಳಿಯನ್ನು ಕೇಳುತ್ತಿದ್ದರು. ಪೇಸ್ಟು ಮುಖ ಮುಚ್ಚಿತು, ಹೊಳ್ಳೆಗಳಷ್ಟೇ ಉಳಿದವು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂದು ಅಕ್ಕ ಎದ್ದು ಓಡಿದಳು. ಖಾಲಿಯಾದ ಸ್ಟೂಲಿನ ಮೇಲೆ ಭಾವ ಮೆಲ್ಲಗೆ ಬಂದು ಕೂತರು. ಮಗಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅವಳ ಬೆರಳು ಆ ಕೈಯನ್ನು ತಡವಿತು. ಅಪ್ಪನ ದಪ್ಪ ಉಂಗುರಕ್ಕೆ ತಾಗಿ ನಿಂತಿತು. ಆಮೇಲೆ ಎರಡು ಸಲ ಒತ್ತಿದಳು.

ಭಾವ ಹೌಹಾರಿ, ನಾವು ಮುಟ್ಟುವ ಮೊದಲೇ ಪೇಸ್ಟನ್ನೆಲ್ಲ ಬಾಚಿ ಕಿತ್ತರು. ಉಸಿರು ಕಟ್ಟಿತ್ತಾ ಮಗಳೇ ಎಂದು ಕೇಳಿದರು.

ಅಂಟಮ್ಮ ರೆಪ್ಪೆಯ ಮೇಲಿನ ನೀಲಿ ಒರೆಸಿಕೊಂಡಳು. "ಇಲ್ಲ, ಉಸಿರು ಸರಿಯಾಗೇ ಇತ್ತು" ಎಂದಳು. ನನ್ನ ಕಡೆ ತಿರುಗಿದಳು. "ಮಾವ, ಇನ್ನೊಂದು ಸಲ ಕಲಸಿ. ಅಮ್ಮನ್ನ ಕರೀರಿ."

ನಾನು ಬೇಸಿನ್ ತೊಳೆದು ನೀರು ಅಳೆದೆ. ಭಾವ ಸ್ಟೂಲಿನಿಂದ ಎದ್ದರು. ಅವರ ಅಂಗೈಯಲ್ಲಿ ಅರ್ಧ ಗಟ್ಟಿಯಾದ ಪೇಸ್ಟಿನ ಒಂದು ತುಂಡು ಉಳಿದಿತ್ತು, ಅದರೊಳಗೆ ಮಗಳ ಮೂಗಿನ ಗುಳಿ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ಹೊರಗೆ ಹೋದರು.