ಕರೆದರೆ ಓ ಅನ್ನದವರು

ಜಮಖಂಡಿಯಲ್ಲಿ ನನ್ನ ಬಾಡಿಗೆ ಕೋಣೆ ಅಟ್ಟದ ಮೇಲಿದೆ. ಮೊನ್ನೆ ಮಧ್ಯಾಹ್ನ ಕೋರ್ಟಿನಿಂದ ಬಂದವನು ಅಂಗಿಯನ್ನೂ ಕಳಚದೆ ಮಂಚಕ್ಕೆ ಬಿದ್ದುಕೊಂಡಿದ್ದೆ. ಮನೆಯೊಡತಿಯ ಬೆಕ್ಕು ನನಗಿಂತ ದಣಿದವರ ಹಾಗೆ ಅಟ್ಟದ ಹಲಗೆನೆಲದ ಮೇಲೆ ಚಾಚಿಕೊಂಡಿತ್ತು. ಇದ್ದಕ್ಕಿದ್ದಂತೆ ಅದು ಕಣ್ಣು ತೆರೆಯದೆಯೇ ತಲೆಯೆತ್ತಿ ಬಾಗಿಲ ಕಡೆ ತಿರುಗಿಸಿತು. ನನಗೇನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲು ಕಿರುಗುಟ್ಟಿತು. ಕಕ್ಷಿದಾರನೊಬ್ಬ ಬಂದ, ನ್ಯಾಯ ತನ್ನ ಕಡೆಗಿದೆ ಎಂದ, ಹೋದ. ನ್ಯಾಯ ಎಲ್ಲರ ಕಡೆಗೂ ಇರುತ್ತದೆ. ಕೇಳಿ ಕೇಳಿ ಈ ವಯಸ್ಸಿಗೇ ನನಗೆ ಸುಸ್ತು. ಆದರೆ ಬೆಕ್ಕು ಅವನನ್ನು ನನಗಿಂತ ಮೊದಲು ತಿಳಿದದ್ದು ಕಿವಿಯಿಂದಲೋ, ಹಲಗೆಗೆ ಒತ್ತಿದ್ದ ಹೊಟ್ಟೆಯಿಂದಲೋ? ಈ ಪ್ರಶ್ನೆ ನನ್ನನ್ನು ಬನಹಟ್ಟಿಯ ಒಂದು ನಾಯಿಯ ಹತ್ತಿರಕ್ಕೆ ಒಯ್ದಿತು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ವಾದ ಮಾಡುವ ಜಾತಿಯವನು. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಮಾತಾಡುತ್ತಿದ್ದೆ, ಬೆಳಿಗ್ಗೆ ಪರ, ಸಂಜೆ ವಿರುದ್ಧ. ಬೀಳಗಿ ಸೀಮೆಯ ನಮ್ಮೂರಿಗೆ ರಜೆಗೆ ಬಂದರೆ ಎದುರಾಳಿಗಳು ಸಿಗುತ್ತಿರಲಿಲ್ಲ. ಒಂದು ಸಲ ಹಾವಾಡಿಗನೊಬ್ಬನನ್ನು ನಿಲ್ಲಿಸಿಕೊಂಡು, ಹಾವಿಗೆ ಹೊರಗಿವಿಯೇ ಇಲ್ಲ, ಅದು ನೆಲದ ಅದುರನ್ನು ಮೈಯಿಂದ ತಿಳಿಯುತ್ತದೆ, ಅದಕ್ಕೇ ನಮ್ಮವರು ಕಬ್ಬಿನೊಳಗೆ ಹೊಗುವ ಮುಂಚೆ ಕೋಲಿನಿಂದ ನೆಲ ಕುಟ್ಟುತ್ತಾರೆ, ಹಾವು ಹೆಡೆಯಾಡಿಸುವುದು ನಿನ್ನ ಕೈಯ ಓಲಾಟ ನೋಡಿಯೇ ಹೊರತು ಪುಂಗಿ ಕೇಳಿ ಅಲ್ಲ ಎಂದು ಸಾಧಿಸಿದೆ. ಅವನು ಎಲ್ಲವನ್ನೂ ಕೇಳಿದ. "ಖರೆ ಐತ್ರಿ. ಹಾವಿಗೆ ಯಾರ ಊದತಾರ? ಊದೂದು ಮಂದಿಗೆ" ಎಂದು ಬುಟ್ಟಿ ಎತ್ತಿಕೊಂಡು ನಡೆದ.

ಇನ್ನು ನಾಯಿ. ಅದರ ಹೆಸರು ಹಾಲ್ಯಾ. ಮುಧೋಳದ ತಳಿ, ಉದ್ದ ಕಾಲು, ಒಳಗೆ ಸೇರಿಕೊಂಡ ಹೊಟ್ಟೆ, ಮೈಯೆಲ್ಲ ಹಾಲಿನ ಬಿಳುಪು. ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದ ನನ್ನ ಸೋದರತ್ತೆ ಗೌರವ್ವ ಅದನ್ನು ಮರಿಯಿದ್ದಾಗ ತಂದು, ಮಗ್ಗಗಳ ನಡುವೆ ಬೆಳೆಸಿ, ಒಂದು ನಾಗಪಂಚಮಿಗೆ ತವರಿಗೆ ಬರುವಾಗ ಅಣ್ಣನಿಗೆ, ಅಂದರೆ ನಮ್ಮಪ್ಪನಿಗೆ, ಉಡುಗೊರೆಯಾಗಿ ತಂದಳು. ತವರಿನಿಂದ ಒಯ್ಯುವುದೇ ರೂಢಿ. ತವರಿಗೆ ತಂದೆನೆಂಬ ಹೆಮ್ಮೆ ಅವಳ ಮುಖದ ಮೇಲಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ಕರೆತರಬೇಕು. ಆ ಹಬ್ಬದಲ್ಲಿ ಓಣಿಯ ಹೆಂಗಸರು ಒಬ್ಬರಿಗೊಬ್ಬರು ಕೇಳುವ ಮೊದಲ ಪ್ರಶ್ನೆಯೇ, "ಕರ್ಯಾಕ ಬಂದಿದ್ರೇನ ಬೇ?" ಬರಲಿಲ್ಲವೆಂದರೆ ತವರು ಮುಗಿಯಿತು ಎಂದರ್ಥ. ನಾನು ಇದನ್ನು ಕಂದಾಚಾರ ಎಂದು ವಾದಿಸಿದ್ದೇನೆ. ಕಂದಾಚಾರವಾದ ಮಾತ್ರಕ್ಕೆ ಅದು ನೋಯಿಸುವುದನ್ನು ಬಿಡುವುದಿಲ್ಲ.

ಹಾಲ್ಯಾ ನಮ್ಮ ಎರೆಹೊಲದಲ್ಲಿ ಅಪ್ಪನ ಮಾನ ಕಳೆಯಿತು. ದಿಗಂತದ ಮೊಲ ಕಾಣುವ ನಾಯಿಗೆ ಬೆನ್ನ ಹಿಂದಿನ ಯಜಮಾನ ಬೇಡವಾಗಿದ್ದ. ನೆರೆಹೊಲದವರೆದುರು ಅಪ್ಪ ಗಂಟಲು ಹರಿಯುವಂತೆ ಕೂಗುವನು. ಅದು ಅವನಿಗೆ ಬೆನ್ನು ತೋರಿಸಿ ಆಕಾಶ ನೋಡುತ್ತ ನಿಂತಿರುವುದು. ಕೊನೆಗೆ ತೋಳ ಬಂದು ಕುರಿಮರಿಯನ್ನು ಎತ್ತಿಕೊಂಡು ಹೋದಾಗಲೂ ಹಾಲ್ಯಾ ಮೆತ್ತನೆಯ ಮಣ್ಣಿನಲ್ಲಿ ಸುಖವಾಗಿ ಮಲಗಿತ್ತು.

"ಸೊಕ್ಕಿನ ನಾಯಿ," ಅಂದ ಅಪ್ಪ. "ಕೊಟ್ಟಾಕಿಗೂ ಅದ ಸೊಕ್ಕು. ಮೊದಲ ಹಂಗಿರಲಿಲ್ಲ ಗೌರವ್ವ. ಈಗ ನಿಮ್ಮವ್ವ ಒಲಿ ಮುಂದ ಕುಂತು ಒದರಿ ಒದರಿ ಸಾಯಬೇಕು, ಓ ಅನ್ನೂದಿಲ್ಲ. ಬನಹಟ್ಟಿ ಸಾವಕಾರ್ತಿ."

ಈ ಮಾತು ಸಂತೆಗೆ ಹೋದವರ ಬಾಯಲ್ಲಿ ಬನಹಟ್ಟಿ ಮುಟ್ಟಿತು. ಅಲ್ಲಿಂದ ಉತ್ತರವೂ ಬಂತು: "ಸೊಕ್ಕಿನಾಕೀನ ಕರ್ಯಾಕ ಬರಬ್ಯಾಡ ಅನ್ರಿ." ಅಪ್ಪ "ಬ್ಯಾಡಾದ್ರ ಬಿಡ್ಲಿ" ಎಂದು ರುಮಾಲು ಸುತ್ತಿಕೊಂಡು ಹೊಲಕ್ಕೆ ಹೋದ. ಪಂಚಮಿ ಹತ್ತಿರ ಬಂದಿತ್ತು. ಅವ್ವ ಉಂಡಿಗೆ ಎಳ್ಳು ಹುರಿಯುತ್ತ ನನ್ನ ಕಡೆ ನೋಡಿದಳು. "ನಾಯಿ ತಗೊಂಡು ನೀ ಹೋಗು. ಅಕಿ ಸಿಟ್ಟೂ ಇಳಿಸಿ ಬಾ. ಇಷ್ಟ ಮಾತಾಡ್ತಿ, ಒಮ್ಮೆರೆ ಉಪಯೋಗಕ್ಕ ಬರ್ಲಿ."

ಸಂಸ್ಥಾನಗಳು ಮುಗಿದು ಮುಂಬಯಿ ಸರಕಾರದ ಮೋಟಾರು ಓಡಾಡಲು ತೊಡಗಿದ್ದ ಕಾಲ. ನಾಯಿಯನ್ನು ಹತ್ತಿಸುವಂತಿಲ್ಲ ಎಂದ ಕಂಡಕ್ಟರ್. ನಾಯಿ ಸಾಮಾನೋ ಪ್ರಯಾಣಿಕನೋ ಎಂಬ ಮೂಲಭೂತ ಪ್ರಶ್ನೆಯನ್ನು ನಾನು ಎತ್ತಿದೆ. ಅವನು ಹಾಲ್ಯಾನನ್ನೂ ನನ್ನನ್ನೂ ನೋಡಿ, "ಅದು ಸುಮ್ನ ಕುಂತೈತ್ರಿ. ನೀವ ಇಳದ್ರ ಗಾಡಿ ಹೊಂಡತೈತಿ" ಅಂದ. ಮಂದಿ ನಕ್ಕರು, ನಗೆಯ ಗದ್ದಲದಲ್ಲಿ ಇಬ್ಬರೂ ಉಳಿದೆವು. ಹಾಲ್ಯಾ ಹಿಂದಿನ ಸೀಟಿನಡಿ ನಡುಗುವ ಹಲಗೆಗೆ ಗದ್ದವನ್ನು ಹಚ್ಚಿ, ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ಬನಹಟ್ಟಿಯವರೆಗೂ ಅಲುಗಲಿಲ್ಲ.

ಮಗ್ಗದ ಮನೆಯೊಳಗೆ ನೀವು ಕಾಲಿಟ್ಟಿದ್ದೀರೋ ಇಲ್ಲವೋ. ಲಾಳಿ ಅತ್ತಿಂದಿತ್ತ ಬಡಿಯುತ್ತಿರುವಾಗ ಅಲ್ಲಿ ಯಾರೂ ಯಾರನ್ನೂ ಬಾಯಿಂದ ಕರೆಯುವುದಿಲ್ಲ. ನೆಲಕ್ಕೆ ಹಾಸಿದ ಪರಸಿಗಲ್ಲಿನ ಮೇಲೆ ಹಿಮ್ಮಡಿಯಿಂದ ಒದೆಯುತ್ತಾರೆ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವವರಿಗೆ ಅದು ಕಾಲಿನಿಂದ ಹತ್ತಿ ತಲೆ ಎತ್ತಿಸುತ್ತದೆ. ಊಟಕ್ಕೂ, ಚಹಾಕ್ಕೂ, ಜಗಳಕ್ಕೂ ಅದೇ ಕರೆ. ನಾನು ಹೊಸ್ತಿಲಲ್ಲಿ ನಿಂತು ಕೂಗಿದ್ದು ವ್ಯರ್ಥವಾಯಿತು. ಪಕ್ಕದ ಮಗ್ಗದವನು ಕಲ್ಲನ್ನು ಒದ್ದ. ಅತ್ತೆ ತಲೆ ಎತ್ತಿದಳು. ನನ್ನ ಕಾಲ ಬಳಿಯಿದ್ದ ಹಾಲ್ಯಾನೂ ತಲೆ ಎತ್ತಿತು. ಅತ್ತೆ ಎದ್ದು ಬಂದು ಹಿಮ್ಮಡಿ ಬಡಿದಳು. ನಮ್ಮಪ್ಪನ ಕೂಗಿಗೆಲ್ಲ ಬೆನ್ನು ತೋರಿಸಿದ ನಾಯಿ ಬಾಣದಂತೆ ಅವಳ ಹತ್ತಿರ ಹೋಯಿತು.

"ನೋಡು, ಹ್ಯಾಂಗ ಮಾತು ಕೇಳತೈತಿ. ಅಲ್ಲೇನ ಮಾಡಿದ್ರಿ ಇದಕ್ಕ?" ಅಂದಳು.

ಮಧ್ಯಾಹ್ನ ಮಗ್ಗಗಳು ನಿಂತವು. ನನ್ನ ತಲೆ ನಿಲ್ಲಲಿಲ್ಲ. ಹಾಲ್ಯಾನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಕಿವಿ ಅಲುಗಲಿಲ್ಲ. ಸಿಳ್ಳು ಹಾಕಿದೆ, ಇಲ್ಲ. ಹಿಮ್ಮಡಿಯಿಂದ ಮೆಲ್ಲಗೆ ಕಲ್ಲು ತಟ್ಟಿದೆ, ತಿರುಗಿ ನೋಡಿತು. ಹುಟ್ಟುಕಿವುಡು ನಾಯಿ. ಬಾಯಿಂದ ಯಾರೂ ಕರೆಯದ ಮನೆಯಲ್ಲಿ ಬೆಳೆದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನಮ್ಮ ಕರಿಮಣ್ಣೋ, ಎಷ್ಟು ಒದ್ದರೂ ನುಂಗಿಕೊಳ್ಳುತ್ತದೆ. ತೋಳದ ಹೆಜ್ಜೆಯನ್ನೂ ಅದು ಹಾಗೆಯೇ ನುಂಗಿತ್ತು.

ವಾದ ಗೆದ್ದವನ ಹುರುಪಿನಲ್ಲಿ ನಾನು ಜೋರಾಗಿ ಹೇಳಿದೆ: "ಅತ್ತಿ, ಇದಕ್ಕ ಕಿವಿ ಕೇಳ್ಸೂದಿಲ್ಲ."

ಅತ್ತೆ ನನ್ನ ಕಡೆ ಬೆನ್ನು ಮಾಡಿ, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬೆರಳಾಡಿಸುತ್ತ ಎಲ್ಲಿ ಸಡಿಲಾಗಿದೆ ಎಂದು ಹುಡುಕುತ್ತಿದ್ದಳು, ಜೇಡ ತನ್ನ ಬಲೆಯ ಮೇಲೆ ಕಾಲಿಟ್ಟು ಕೂತ ಹಾಗೆ. ಮತ್ತೊಮ್ಮೆ ಹೇಳಿದೆ. ಬೆರಳು ನಿಲ್ಲಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿತ್ತೆಂದರೆ ಹೊರಗಿನ ಗುಬ್ಬಿಗಳು ಕೇಳಿಸುತ್ತಿದ್ದವು. ನಾನು ಹಿಮ್ಮಡಿಯಿಂದ ಕಲ್ಲನ್ನು ತಟ್ಟಿದೆ. ಅವಳು ತಿರುಗಿ, ಎಂದಿನ ನಗುಮುಖದಿಂದ, "ಏನೋ?" ಅಂದಳು.

ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ಬಾಗಿಲನ್ನು ಮುಂದೆ ಮಾಡಿ ಬಂದು ಕೂತಳು. "ಇಲ್ಲಿ ಎಲ್ಲಾರದೂ ಇದ ಹಾಡು. ಮಗ್ಗ ತಿಂದ ಕಿವಿ. ನಿಮ್ಮಪ್ಪಗ ಹೇಳಬ್ಯಾಡ. ಸೊಕ್ಕಿನಾಕಿ ಅಂದ್ರ ಇವತ್ತಲ್ಲ ನಾಳೆ ಸಿಟ್ಟು ಇಳೀತೈತಿ, ಕರ್ಯಾಕ ಬರ್ತಾನ. ಕಿವುಡಿ ಅಂದ್ರ ಯಾರ ಬರ್ತಾರೋ? ಬಂದ್ರೂ ಮೂಲ್ಯಾಗ ಕುಂದ್ರಸ್ತಾರ."

ಪ್ರತಿವಾದಗಳು ನನ್ನ ಬಳಿ ಇದ್ದವು. ಒಂದನ್ನೂ ಹೇಳಲಾಗಲಿಲ್ಲ, ಹೇಳಬೇಕೆಂದರೆ ಕೂಗಬೇಕಾಗಿತ್ತು, ಕೂಗಿದರೆ ಓಣಿಗೆ ಕೇಳಿಸುತ್ತಿತ್ತು.

ಊರಿಗೆ ಮರಳಿ ಅಪ್ಪನಿಗೆ ನಾಯಿಯ ವಿಷಯ ಮಾತ್ರ ಹೇಳಿದೆ. ಚಪ್ಪಾಳೆ, ಸಿಳ್ಳು, ಕಲ್ಲು, ಎಲ್ಲವನ್ನೂ ಸಾಕ್ಷಿಯಂತೆ ಒಂದೊಂದಾಗಿ ಮುಂದಿಟ್ಟೆ. ಅಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ಹಂಗಾರ ಅದಕ್ಕ ನಾ ಕರದದ್ದು ಕೇಳೇ ಇಲ್ಲ."

"ಇಲ್ಲ."

ಅಂಗೈಯೊಳಗಿನ ತಂಬಾಕು ನೋಡಿಕೊಂಡ. "ಮತ್ತ ಗೌರವ್ವ?"

ನಾನು ಚೀಲ ಬಿಚ್ಚತೊಡಗಿದೆ.

"ಬಾಯಿ ಬಿಡ್ಲೇ ವಕೀಲಾ."

ಬಿಡಲಿಲ್ಲ. ನನ್ನ ಮೌನವನ್ನು ಅವನು ಸರಿಯಾಗಿಯೇ ಓದಿಕೊಂಡ. ಆಮೇಲೆ ನನಗಲ್ಲ, ತಂಬಾಕಿಗೆ ಹೇಳುವವನಂತೆ ಅಂದ: "ನಾ ಏನರೆ ಹೇಳಿದಾಗೆಲ್ಲ ನಗತಿದ್ಲಲ್ಲೋ."

ಮರುದಿನ ಗಾಡಿ ಕಟ್ಟಿಸಿ ಅವನೇ ಬನಹಟ್ಟಿಗೆ ಹೋದ. ಅಲ್ಲಿ ಏನು ನಡೆಯಿತೋ ನಾನು ಕಾಣೆ. ಅತ್ತೆ ಪಂಚಮಿಗೆ ಬಂದಳು. ನಾಯಿ ಅಲ್ಲಿಯೇ ಉಳಿಯಿತು. ಆ ವರ್ಷ ಇಬ್ಬರೂ ವಿಷಯ ಎತ್ತಲಿಲ್ಲ. ಅತ್ತೆ ಎಲ್ಲದಕ್ಕೂ ನಕ್ಕಳು, ಅಪ್ಪ ಯಾವುದನ್ನೂ ಹೇಳದೆ ಕೂತ. ನೋಡುವುದಕ್ಕೆ ಆಯಾಸವಾಗುತ್ತಿತ್ತು.

ಈಗ ಇದನ್ನು ಊರಿನ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮತ್ತೆ ಪಂಚಮಿ, ಕೋರ್ಟಿಗೆ ರಜೆ. ಅಂಗಳದ ಹೊರಸಿನ ಮೇಲೆ ಅಪ್ಪ ಅತ್ತೆಯ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದಾನೆ. ಬೀಗರ ಮೆರವಣಿಗೆಯಲ್ಲಿ ಕುದುರೆಯೆಂದು ಎಮ್ಮೆ ಹತ್ತಿದವನ ಕತೆ ಹೇಳುತ್ತಿದ್ದಾನೆ, ನಮಗೆಲ್ಲ ಬಾಯಿಪಾಠವಾದದ್ದು. ಅತ್ತೆ ಅವನ ತುಟಿಯನ್ನೇ ನೋಡುತ್ತಿದ್ದಾಳೆ. ಕತೆ ಮುಗಿಯಿತು. ಅವಳು ನಗಲಿಲ್ಲ.

"ತಿಳೀಲಿಲ್ಲೋ ಅಣ್ಣಾ," ಅಂದಳು. "ಇನ್ನೊಮ್ಮೆ ಹೇಳು."

ನಾನು ನಡುವೆ ಬಾಯಿ ಹಾಕಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು, ಕುದುರೆ ತರಲು ಹೋದವರಿಂದ ಮತ್ತೆ ಶುರುಮಾಡಿದ.